ಮಾರುವ ಮುಂಚೆ ಇನ್ನೊಂದು ಪೋರ್ಷನ್ ಕಟ್ಟಬೇಕಾ? ಬೆಂಗಳೂರಿನ ಬಾಡಿಗೆ ಮನೆ ಮಾಲೀಕರಿಗೊಂದು ಹೋಲಿಕೆ

ಬೆಂಗಳೂರಿನ 30×40 ಸೈಟು. ಕೆಳಗೊಂದು ಮನೆ, ಮೇಲೊಂದು ಮನೆ. ಮಕ್ಕಳು ಬೇರೆ ಊರಲ್ಲಿ ನೆಲೆ ನಿಂತಿದ್ದಾರೆ, ಮಾರಿಬಿಡೋಣ ಎಂಬ ಮಾತು ಬಂದಿದೆ. ಅಷ್ಟರಲ್ಲಿ ಯಾರೋ ಒಬ್ಬರು, ಸಾಮಾನ್ಯವಾಗಿ ಬ್ರೋಕರ್ ಇಲ್ಲವೇ ಭಾವಮೈದುನ, ಹೇಳುತ್ತಾರೆ: "ಹೀಗೇ ಯಾಕೆ ಮಾರ್ತೀರಿ? ಮೇಲೆ ಇನ್ನೊಂದು ಮಹಡಿ ಎತ್ತಿ, ಬಾಡಿಗೆ ತೋರಿಸಿ ಮಾರಿ. ರೇಟೇ ಬೇರೆ."

ಈ ಮಾತು ಅರ್ಧ ನಿಜ. ಬಾಡಿಗೆ ಜಾಸ್ತಿಯಾದರೆ ಬೆಲೆ ಏರುತ್ತದೆ. ಆದರೆ ಎಷ್ಟು ಏರುತ್ತದೆ, ಆ ಏರಿಕೆ ಯಾರ ಕೈಗೆ ಹೋಗುತ್ತದೆ ಅನ್ನುವುದರಲ್ಲಿ ಲೆಕ್ಕ ತಪ್ಪುತ್ತದೆ. ಮಾಲೀಕರ ಮುಂದೆ ಇರುವ ದಾರಿಗಳು ನಾಲ್ಕು: ಮಹಡಿ ಎತ್ತುವುದು, ಇರುವ ಮನೆಯನ್ನೇ ಎರಡು ಮಾಡುವುದು, ಟೆರೇಸಿನಲ್ಲೋ ಪಾರ್ಕಿಂಗಿನಲ್ಲೋ ರೂಮು ಮಾಡುವುದು, ಏನೂ ಕಟ್ಟದೆ ಕಾಗದ ಸರಿ ಮಾಡಿ ಮಾರುವುದು. ಕೆಡವಿ ಹೊಸದಾಗಿ ಕಟ್ಟುವ ಮಾತನ್ನೂ ಕೆಲವರು ಎತ್ತುತ್ತಾರೆ. ಅದು ಮಾರಾಟದ ತಯಾರಿ ಅಲ್ಲ, ಬಿಲ್ಡರ್ ಕಸುಬು. ಬಿಲ್ಡರ್ ಜೊತೆ ಜಂಟಿಯಾಗಿ ಕಟ್ಟೋಣ ಅಂದರೂ ಒಂದೇ 30×40ಕ್ಕೆ ಒಳ್ಳೆಯ ಬಿಲ್ಡರ್ ಬರುವುದು ಅಪರೂಪ. ಅದನ್ನು ಇಲ್ಲಿಗೇ ಬಿಡೋಣ.

ಮೊದಲು ಒಂದು ಲೆಕ್ಕ

ಕೆಳಗಿನ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಏರಿಯಾದ ಬಾಡಿಗೆ, ನಿಮ್ಮ ಮೇಸ್ತ್ರಿಯ ರೇಟು ಹಾಕಿ ನೋಡಿಕೊಳ್ಳಿ.

ಮೇಲೆ 500 ಚದರಡಿಯ ಒಂದು ಸಿಂಗಲ್ ಬೆಡ್‌ರೂಂ ಮನೆ ಕಟ್ಟುತ್ತೀರಿ ಅಂದುಕೊಳ್ಳಿ. ಐದು ಚದರ. ಚದರಕ್ಕೆ 2.2 ಲಕ್ಷ ಅಂದರೆ 11 ಲಕ್ಷ ಖರ್ಚು. ತಿಂಗಳಿಗೆ 14,000 ಬಾಡಿಗೆ, ವರ್ಷಕ್ಕೆ 1 ಲಕ್ಷ 68 ಸಾವಿರ. ಈಗ ಬ್ರೋಕರ್ ಲೆಕ್ಕ ಹೀಗೆ ಹೋಗುತ್ತದೆ: "ಈ ಕಡೆ ಬಾಡಿಗೆ ಬಿಲ್ಡಿಂಗ್‌ಗಳು ಶೇ 3.5 ರಿಟರ್ನ್ ಲೆಕ್ಕದಲ್ಲಿ ಹೋಗ್ತವೆ. 1.68 ಲಕ್ಷ ಬಾಡಿಗೆ ಅಂದ್ರೆ 48 ಲಕ್ಷ ಬೆಲೆ. ನೀವು ಹಾಕೋದು 11."

ಕೇಳೋಕೆ ಚೆನ್ನಾಗಿದೆ, ಅಲ್ವಾ? ಈಗ ಕೊಳ್ಳುವವರ ಜಾಗದಲ್ಲಿ ಕೂತು ನೋಡಿ. ಈ ಮಹಡಿ ಇಲ್ಲದ ಇಂಥದ್ದೇ ಮನೆ ಪಕ್ಕದ ರಸ್ತೆಯಲ್ಲಿ ಸಿಗುತ್ತದೆ. ಅದನ್ನು ಕೊಂಡು, ತಾವೇ 11 ಲಕ್ಷ ಹಾಕಿ ಇದೇ ಮಹಡಿ ಎತ್ತಬಹುದು. ಹಾಗಿರುವಾಗ ನಿಮಗೆ 48 ಲಕ್ಷ ಜಾಸ್ತಿ ಯಾಕೆ ಕೊಡುತ್ತಾರೆ? ಕಟ್ಟುವ ತಲೆನೋವು ತಪ್ಪಿತು, ಆರೇಳು ತಿಂಗಳು ಕಾಯುವುದು ತಪ್ಪಿತು ಅಂತ ಎರಡು ಮೂರು ಲಕ್ಷ ಮೇಲೆ ಕೊಟ್ಟಾರು. 11 ಹಾಕಿದ್ದಕ್ಕೆ 13, 14 ಬರುತ್ತದೆ. ಬ್ರೋಕರ್ ಕಮಿಷನ್, ತೆರಿಗೆ, ನಿಮ್ಮ ಓಡಾಟ ಎಲ್ಲ ಅದರೊಳಗೇ.

ಬಾಡಿಗೆಯ ಶೇ 3.5 ಲೆಕ್ಕ ಇಡೀ ಆಸ್ತಿಗೆ ಹೊಂದುವುದು ಯಾಕೆಂದರೆ ಅದರ ಬೆಲೆಯಲ್ಲಿ ದೊಡ್ಡ ಪಾಲು ಜಾಗದ್ದು. ಮಹಡಿ ಎತ್ತಿದರೆ ಜಾಗ ಬೆಳೆಯುವುದಿಲ್ಲ.

ಅದೇ ಲೆಕ್ಕವನ್ನು ಮಾರದೆ ಇಟ್ಟುಕೊಳ್ಳುವವರ ಕಡೆಯಿಂದ ನೋಡಿ. 11 ಲಕ್ಷಕ್ಕೆ ವರ್ಷಕ್ಕೆ 1.68 ಲಕ್ಷ ಅಂದರೆ ಶೇ 15. ಜಾಗ ನಿಮ್ಮದೇ ಇದೆಯಲ್ಲ, ಅದಕ್ಕೆ ಹೊಸದಾಗಿ ದುಡ್ಡು ಕೊಡಬೇಕಿಲ್ಲ. ಯಾವ ಎಫ್‌ಡಿಯೂ ಇಷ್ಟು ಕೊಡುವುದಿಲ್ಲ. ಹಾಗಾಗಿ ಕಟ್ಟುವುದರ ಲಾಭ ಬಾಡಿಗೆಯಲ್ಲಿದೆ, ಮಾರಾಟದಲ್ಲಿ ಅಲ್ಲ. ಐದು ವರ್ಷ ಬಿಟ್ಟು ಮಾರುತ್ತೀರಾ? ಇವತ್ತೇ ಕಟ್ಟಿ. ಈ ವರ್ಷವೇ ಮಾರುತ್ತೀರಾ? ಸುಮ್ನೆ ಕೈ ಹಾಕಬೇಡಿ.

ಇದಕ್ಕೊಂದು ಅಪವಾದ ಇದೆ. ಇನ್ನು ಮೇಲೆ ಯಾರೂ ಸುಲಭವಾಗಿ ಕಟ್ಟಲಾಗದ ಜಾಗದಲ್ಲಿ ನಿಮ್ಮ ಮಹಡಿ ಪ್ಲಾನ್ ಪ್ರಕಾರವೇ ಎದ್ದಿದ್ದರೆ ಅದಕ್ಕೆ ಖರ್ಚಿಗಿಂತ ಜಾಸ್ತಿ ಬೆಲೆ ಸಿಗುತ್ತದೆ. ಅಂಥ ಮನೆಗಳು ಕಮ್ಮಿ.

ಮಹಡಿ ಎತ್ತುವುದು

ಇಲ್ಲಿ ಮೊದಲ ಪ್ರಶ್ನೆ ದುಡ್ಡಿನದಲ್ಲ, ಎಷ್ಟು ಕಟ್ಟಲು ಹಕ್ಕಿದೆ ಅನ್ನುವುದು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ 360 ಚದರ ಮೀಟರ್‌ವರೆಗಿನ ಸಣ್ಣ ವಸತಿ ಸೈಟುಗಳಿಗೆ ಮೂಲ ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ, 1.75. ಅಂದರೆ 1,200 ಚದರಡಿ ಸೈಟಿನಲ್ಲಿ ಎಲ್ಲ ಮಹಡಿ ಸೇರಿ 2,100 ಚದರಡಿ. ನೆಲದ ಮೇಲೆ ಮನೆ ಹಿಡಿಯಬಹುದಾದ ಜಾಗ ಶೇ 75, ಅಂದರೆ 900 ಚದರಡಿ. ಕೆಳಗೆ 800, ಮೇಲೆ 800 ಕಟ್ಟಿದ್ದರೆ ಉಳಿಯುವುದು 500. ಮೇಲಿನ ಉದಾಹರಣೆಯಲ್ಲಿ ಐದು ಚದರ ಹಿಡಿದಿದ್ದು ಅದಕ್ಕೇ. ಎರಡೂ ಮಹಡಿ 900ರಂತೆ ಕಟ್ಟಿದ್ದರೆ ಉಳಿದದ್ದು ಬರೀ 300. ಪೂರ್ತಿ ಎರಡನೇ ಮಹಡಿ ಎತ್ತಿದರೆ ಮಿತಿ ದಾಟಿತು. ರಸ್ತೆಯಲ್ಲಿ ಎಲ್ಲರೂ ಮೂರು ನಾಲ್ಕು ಮಹಡಿ ಎತ್ತಿದ್ದಾರಲ್ಲ ಅಂತ ನೀವು ಕೇಳಬಹುದು. ಎತ್ತಿದ್ದಾರೆ. ಅವರು ಮಾರಲು ಹೊರಟಾಗ ಏನಾಗುತ್ತದೆ ಅನ್ನುವುದು ಬೇರೆ ಕಥೆ.

ಹಿಂದೆ "ಅಕ್ರಮ ಸಕ್ರಮದಲ್ಲಿ ಸರಿಯಾಗುತ್ತೆ ಬಿಡಿ" ಅನ್ನುವ ಧೈರ್ಯ ಇತ್ತು. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಅದನ್ನು ನಂಬಿ ಇವತ್ತು ಮೋಲ್ಡ್ ಹಾಕಿಸಬೇಡಿ.

ಆಮೇಲೆ ಬಂದದ್ದು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು. ಕಟ್ಟಡ ಮುಗಿದ ಪ್ರಮಾಣಪತ್ರ ಅಥವಾ ವಾಸಯೋಗ್ಯ ಪ್ರಮಾಣಪತ್ರ, ನಾವು ಓಸಿ ಅನ್ನುವುದು, ನೋಡಿದ ಮೇಲೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಅಂತ ಅದು ಹೇಳಿತು. ಕರ್ನಾಟಕದಲ್ಲಿ 2025ರಲ್ಲಿ ಓಸಿ ಇಲ್ಲದ ಸಾವಿರಾರು ಮನೆಗಳಿಗೆ ಮೀಟರ್ ಸಿಗದೆ ಗಲಾಟೆಯಾಯಿತು. ಕೊನೆಗೆ ಆ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನಲ್ಲಿ, ನೆಲಮಹಡಿ ಮೇಲೆ ಎರಡು ಅಥವಾ ಸ್ಟಿಲ್ಟ್ (ಕೆಳಗೆ ಬರೀ ಕಂಬ, ಪಾರ್ಕಿಂಗ್) ಮೇಲೆ ಮೂರು ಮಹಡಿಯ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಇದನ್ನೇ ಹಿಡಿದು "30×40ಕ್ಕೆ ಏನೂ ಬೇಡ" ಅಂತ ಹೇಳುವವರಿದ್ದಾರೆ. ಓಸಿ ಬೇಡ ಅಂದರೆ ಪ್ಲಾನ್ ಬೇಡ ಅಂತ ಅರ್ಥವಲ್ಲ. ಮಂಜೂರಾದ ನಕ್ಷೆ ಬೇಕೇ ಬೇಕು. ವಿನಾಯಿತಿ ಇದೆ ಅಂತ ನಾಲ್ಕನೇ ಮಹಡಿ ಎತ್ತಿದರೆ ವಿನಾಯಿತಿಯೂ ಹೋಯಿತು.

ಇನ್ನು ಪಾಯದ ಮಾತು. ಎಂಬತ್ತು ತೊಂಬತ್ತರ ದಶಕದ ಬಹಳ ಮನೆಗಳಿಗೆ ಪಿಲ್ಲರ್ ಇಲ್ಲ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಗೋಡೆಯೇ ಭಾರ ಹೊರುತ್ತದೆ. ಆಗ ಒಂದು ಮಹಡಿ ಲೆಕ್ಕ ಹಾಕಿ ಕಟ್ಟಿದ್ದು, ಈಗ ಎರಡು ಹೊರಿಸುವಂತಿಲ್ಲ. ಪಿಲ್ಲರ್ ಮನೆಯಾದರೂ ಟೆರೇಸಿನಲ್ಲಿ ಮುಂದಿನ ಮಹಡಿಗೆ ಅಂತ ಬಿಟ್ಟ ಕಂಬಿ ಇಪ್ಪತ್ತು ವರ್ಷ ಮಳೆಗೆ ತುಕ್ಕು ಹಿಡಿದಿರುತ್ತದೆ. ಕೆಂಪಗೆ ಪುಡಿ ಉದುರುವ ಕಂಬಿಗೆ ಹೊಸ ಕಂಬಿ ಕಟ್ಟಿ ಮೇಲೆ ಹೋಗುವ ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, ಒಂದು ಕಡೆ ಪಾಯ ಬಗೆಸಿ ತೋರಿಸಿ, ಬರವಣಿಗೆಯಲ್ಲಿ ವರದಿ ತೆಗೆದುಕೊಳ್ಳಿ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಯವರು ಸತ್ತದ್ದನ್ನು ಬೆಂಗಳೂರಿನವರು ಮರೆತಿಲ್ಲ. ಅನುಮತಿಗಿಂತ ಜಾಸ್ತಿ ಮಹಡಿ ಎತ್ತಿದ್ದರು ಅನ್ನುವುದೇ ಆಗ ಹೊರಬಂದ ಮೊದಲ ಸಂಗತಿ. ಆ ಎಂಜಿನಿಯರ್ ವರದಿ ಮಾರುವಾಗಲೂ ಕೆಲಸಕ್ಕೆ ಬರುತ್ತದೆ.

ಕಟ್ಟುವಾಗ ಕೆಳಗಿನ ಬಾಡಿಗೆದಾರರು ಇರುತ್ತಾರೋ ಬಿಡುತ್ತಾರೋ ಅನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೆಂಟ್ರಿಂಗ್ ಹೊಡೆತ, ಕ್ಯೂರಿಂಗ್ ನೀರು ಕೆಳಗಿಳಿಯುವುದು, ಮೆಟ್ಟಿಲ ತುಂಬ ಮರಳು. ಮಗು ಇರುವ ಮನೆಯವರು ಎರಡನೇ ತಿಂಗಳೇ ಖಾಲಿ ಮಾಡುತ್ತಾರೆ. ಆ ಬಾಡಿಗೆ ನಷ್ಟವನ್ನೂ 11 ಲಕ್ಷಕ್ಕೆ ಸೇರಿಸಿ.

ಇರುವ ಮನೆಯನ್ನೇ ಎರಡು ಮಾಡುವುದು

800 ಚದರಡಿಯ ಎರಡು ಬೆಡ್‌ರೂಂ ಮನೆ 20,000ಕ್ಕೆ ಹೋಗುತ್ತಿದೆ ಅಂದುಕೊಳ್ಳಿ. ಅದನ್ನು ಎರಡು ಸಣ್ಣ ಪೋರ್ಷನ್ ಮಾಡಿದರೆ 12,000ದಂತೆ 24,000. ಒಂದು ಅಡುಗೆಮನೆ, ಒಂದು ಬಾತ್‌ರೂಂ, ಬಾಗಿಲು, ವೈರಿಂಗ್ ಎಲ್ಲ ಸೇರಿ ನಾಲ್ಕು ಲಕ್ಷ. ವರ್ಷಕ್ಕೆ 48,000 ಜಾಸ್ತಿ ಅಂದರೆ ಶೇ 12. ಹೊಸ ಚದರಡಿ ಸೇರುವುದಿಲ್ಲ, ಎಫ್‌ಎಆರ್ ಗೋಜಿಲ್ಲ. ಕಾಗದದ ಮೇಲೆ ಸುಲಭದ ದಾರಿ ಇದೇ.

ತೊಂದರೆ ನೀರಿನಲ್ಲಿದೆ. ಹೊಸ ಬಾತ್‌ರೂಂ ಕೆಳಗಿನ ಮನೆಯ ದೇವರ ಕೋಣೆಯ ಮೇಲೋ ಅಡುಗೆಮನೆಯ ಮೇಲೋ ಬಂದರೆ ಜಗಳ ಗ್ಯಾರಂಟಿ. ಸೋರಿಕೆ ಇಲ್ಲದಿದ್ದರೂ ಕೊಳ್ಳಲು ಬಂದವರು ಅದನ್ನು ನೋಡಿ ಮುಖ ಸಿಂಡರಿಸುತ್ತಾರೆ. ಹಳೇ ಬಾತ್‌ರೂಮಿನ ನೇರದಲ್ಲೇ, ಅದೇ ಪೈಪ್ ಸಾಲಿಗೆ ಹೊಸದು ಬರುವಂತಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಪಿಲ್ಲರ್ ಇಲ್ಲದ ಮನೆಯಲ್ಲಿ ಬಾಗಿಲಿಗೆ ಅಂತ ಗೋಡೆ ಒಡೆಯುವ ಮುಂಚೆ ಎಂಜಿನಿಯರ್‌ಗೆ ತೋರಿಸಲೇಬೇಕು.

ಇನ್ನೊಂದು ಸಂಗತಿ ಮೀಟರ್. ಗೃಹಜ್ಯೋತಿ ಬಂದ 2023ರಿಂದ ಬಾಡಿಗೆಗೆ ಬರುವವರು ಮೊದಲು ಕೇಳುವುದೇ "ನಮಗೆ ಬೇರೆ ಮೀಟರ್ ಇದೆಯಾ?" 200 ಯೂನಿಟ್‌ವರೆಗಿನ ಆ ಉಚಿತ ಕರೆಂಟಿನ ಸೌಲಭ್ಯ ಮೀಟರಿಗೆ ಅಂಟಿಕೊಂಡಿದೆ. ನೀವು ಒಂದೇ ಮೀಟರಿನಿಂದ ಸಬ್‌ಮೀಟರ್ ಎಳೆದು ಎರಡು ಮನೆ ನಡೆಸಿದರೆ ಎರಡು ಮನೆಯ ಬಳಕೆ ಒಂದೇ ಬಿಲ್ಲಿಗೆ ಸೇರಿ 200 ದಾಟುತ್ತದೆ, ಇಬ್ಬರಿಗೂ ಸೌಲಭ್ಯ ಇಲ್ಲ. ಬೇರೆ ಮೀಟರ್ ಸಿಗುವುದು ಖಚಿತವಾದ ಮೇಲೇ ಪಾರ್ಟಿಷನ್ ಗೋಡೆ ಎಬ್ಬಿಸಿ. ಸಂಪು, ಓವರ್‌ಹೆಡ್ ಟ್ಯಾಂಕ್ ಸಾಲುತ್ತವಾ ಅಂತಲೂ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಹಿಂದೆ ಓಡಿದ ಮೇಲೆ ಕೊಳ್ಳುವವರು ಕಾವೇರಿ ನೀರಿನ ಬಿಲ್ಲು ಕೇಳಿ ನೋಡುತ್ತಾರೆ.

ಮಾರಾಟದ ದೃಷ್ಟಿಯಲ್ಲಿ ಈ ದಾರಿಗೆ ದೊಡ್ಡ ಕೊರತೆ ಬೇರೆಯೇ ಇದೆ. ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವ ಸಂಸಾರಸ್ಥರಿಗೆ ಕೆಳಗಿನ ಮನೆ ಎರಡು ಬೆಡ್‌ರೂಮಿನದೇ ಆಗಬೇಕು. ಅದನ್ನು ಒಡೆದರೆ ಅವರನ್ನು ಕಳೆದುಕೊಂಡಿರಿ. ಒಡೆಯುವುದಾದರೆ ಮೇಲಿನದನ್ನು ಒಡೆಯಿರಿ.

ಟೆರೇಸಿನ ರೂಮು, ಪಾರ್ಕಿಂಗಿನ ರೂಮು

ಬೆಂಗಳೂರಿನ ಬ್ರೋಕರ್‌ಗಳು ಟೆರೇಸಿನ ಒಂಟಿ ರೂಮಿಗೆ 'ಪೆಂಟ್‌ಹೌಸ್' ಅಂತ ಹೆಸರಿಟ್ಟಿದ್ದಾರೆ. ಮೇಲೆ ಶೀಟು, ಬೇಸಿಗೆಯಲ್ಲಿ ಒಲೆ, ಆದರೂ ಹೆಸರು ಪೆಂಟ್‌ಹೌಸ್! ಬ್ಯಾಚುಲರ್‌ಗಳಿಂದ ಬಾಡಿಗೆ ಬರುತ್ತದೆ, ನಿಜ. ಬ್ಯಾಂಕಿನ ವ್ಯಾಲ್ಯೂಯರ್ ಬಂದರೆ ಅದಕ್ಕೆ ಸೊನ್ನೆ ಹಾಕುತ್ತಾರೆ. ಪಾರ್ಕಿಂಗ್ ಮುಚ್ಚಿ ರೂಮು ಮಾಡಿದರೆ ಇನ್ನೂ ಕೆಟ್ಟದ್ದು. ಪಾರ್ಕಿಂಗ್ ಅಂತ ಎಫ್‌ಎಆರ್ ಲೆಕ್ಕದಿಂದ ಬಿಟ್ಟಿದ್ದ ಜಾಗ ಮತ್ತೆ ಲೆಕ್ಕಕ್ಕೆ ಬರುತ್ತದೆ, ಜೊತೆಗೆ ಕಾರು ನಿಲ್ಲಿಸಲು ಜಾಗ ಇಲ್ಲ ಅಂತ ಕೊಳ್ಳುವವರು ವಾಪಸ್ ಹೋಗುತ್ತಾರೆ. ಮಾರುವ ಉದ್ದೇಶ ಇದ್ದರೆ ಎರಡೂ ಬೇಡ.

ಏನೂ ಕಟ್ಟದೆ, ಕಾಗದ ಸರಿ ಮಾಡಿ ಮಾರುವುದು

ಈ ದಾರಿಯಲ್ಲಿ ಹೆಚ್ಚಿನವರಿಗೆ ಜಾಸ್ತಿ ದುಡ್ಡು ಉಳಿಯುತ್ತದೆ ಅಂತ ನನ್ನ ಅಂದಾಜು. ಸಿಮೆಂಟಿಗೆ ಹಾಕುವ ದುಡ್ಡಿನಲ್ಲಿ ಸಣ್ಣ ಪಾಲನ್ನು ದಾಖಲೆಗೆ ಹಾಕಿದರೆ ಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ. ಸಾಲ ಸಿಗುವ ಮನೆಗೆ ಬರುವಷ್ಟು ಜನ ಬರೀ ನಗದಿಗೆ ಹೋಗುವ ಮನೆಗೆ ಬರುವುದಿಲ್ಲ.

2024ರ ಅಕ್ಟೋಬರ್‌ನಿಂದ ಬೆಂಗಳೂರಿನ ಪಾಲಿಕೆ ವ್ಯಾಪ್ತಿಯಲ್ಲಿ ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇಲ್ಲದೆ ಮಾರಾಟದ ನೋಂದಣಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದವು. ಕಚೇರಿಯ ಬೋರ್ಡ್ ಬದಲಾಯಿತು, ಇ-ಖಾತಾ ಕೇಳುವುದು ಬದಲಾಗಲಿಲ್ಲ. ಇ-ಖಾತಾದಲ್ಲಿ ಕಟ್ಟಡದ ಅಳತೆ ಇರುತ್ತದೆ. ಅದು, ಆಸ್ತಿ ತೆರಿಗೆಯಲ್ಲಿ ನೀವೇ ಘೋಷಿಸಿದ ಅಳತೆ, ಮಂಜೂರಾದ ಪ್ಲಾನು, ನಿಜವಾಗಿ ನಿಂತಿರುವ ಮನೆ, ಈ ನಾಲ್ಕೂ ಒಂದೇ ಹೇಳಬೇಕು. ಎಷ್ಟೋ ಮನೆಗಳಲ್ಲಿ ನಾಲ್ಕೂ ನಾಲ್ಕು ಕಥೆ ಹೇಳುತ್ತವೆ. ತೆರಿಗೆಯಲ್ಲಿ ಇನ್ನೊಂದು ಸಿಕ್ಕು: ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಯ ಎರಡರಷ್ಟು ದರ. ಸ್ವಂತ ವಾಸ ಅಂತ ಕಟ್ಟಿಕೊಂಡು ಬಂದು, ಕೊಳ್ಳುವವರಿಗೆ ಮೂರು ಬಾಡಿಗೆ ಕರಾರು ತೋರಿಸಿದರೆ ಅವರ ವಕೀಲರು ಬಾಕಿ ಲೆಕ್ಕ ತೆಗೆದು ಬೆಲೆಯಲ್ಲಿ ಕಳೆಯುತ್ತಾರೆ.

ಉಳಿದ ಎಫ್‌ಎಆರ್ ಕೂಡ ಮಾರಾಟದ ಸರಕೇ. "ಇನ್ನೂ 500 ಚದರಡಿ ಕಟ್ಟಬಹುದು, ಪಾಯ ತಡೆಯುತ್ತದೆ, ಇಗೋ ಎಂಜಿನಿಯರ್ ವರದಿ" ಅಂತ ಕಾಗದ ಮುಂದಿಟ್ಟರೆ, ಕಟ್ಟದೇ ಇರುವ ಮಹಡಿಗೂ ಸ್ವಲ್ಪ ಬೆಲೆ ಬರುತ್ತದೆ.

ಕೊಳ್ಳುವವರು ಯಾರು ಬರುತ್ತಾರೆ

ಏರಿಯಾ ಮೇಲೆ ಹೋಗುತ್ತದೆ. ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೇ ಬಡಾವಣೆಗಳಲ್ಲಿ ಬಹಳ ಸಲ ಲೆಕ್ಕ ಹಾಕುವುದು ಸೈಟಿನ ಬೆಲೆಯನ್ನೇ. ಕೊಂಡವರು ಹಳೇ ಮನೆ ಕೆಡವುತ್ತಾರೆ. ಕೆಡವುವ ಮನೆಗೆ ಹೊಸ ಮಹಡಿ ಎತ್ತಿದರೆ ಅದನ್ನು ಕೆಡವುವ ಖರ್ಚೂ ನಿಮ್ಮ ಬೆಲೆಯಿಂದಲೇ ಹೋಗುತ್ತದೆ. ಬಿಟಿಎಂ ಲೇಔಟ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತ ಬೇರೆ ಥರ. ಅಲ್ಲಿ ನಿವೃತ್ತರು, ಹೊರದೇಶದಲ್ಲಿರುವ ನಮ್ಮವರು 'ರೆಂಟಲ್ ಇನ್‌ಕಮ್ ಬಿಲ್ಡಿಂಗ್' ಅಂತಲೇ ಹುಡುಕುತ್ತಾರೆ. ಮಹಡಿ ಎತ್ತುವ ಲೆಕ್ಕ ಎಲ್ಲಾದರೂ ಕೂಡಿಬಂದರೆ ಅಲ್ಲೇ.

ಒಂದು ಮಾತು ನೆನಪಿರಲಿ. ನೀವು ಬೆಲೆ ಏರಿಸಿದಷ್ಟೂ ಅವರ ನೋಂದಣಿ ಖರ್ಚೂ ಏರುತ್ತದೆ. 45 ಲಕ್ಷ ಮೇಲಿನ ಆಸ್ತಿಗೆ ಶೇ 5 ಸ್ಟ್ಯಾಂಪ್ ಡ್ಯೂಟಿ, ಅದರ ಮೇಲೆ ಸೆಸ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ.

ಆದಾಯ ತೆರಿಗೆ: ಹೊಸ ಮಹಡಿಗೆ ಬೇರೆ ವಯಸ್ಸು

ಮನೆ, ಜಾಗ 24 ತಿಂಗಳಿಗಿಂತ ಜಾಸ್ತಿ ನಿಮ್ಮ ಹತ್ತಿರ ಇದ್ದರೆ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದಕ್ಕೆ ಶೇ 12.5, ಇಂಡೆಕ್ಸೇಷನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುವುದು) ಇಲ್ಲ. ಆ ದಿನಕ್ಕೆ ಮುಂಚೆ ಕೊಂಡದ್ದಾದರೆ ಇಲ್ಲಿಯ ನಿವಾಸಿಗಳು ಹಳೇ ರೀತಿ ಇಂಡೆಕ್ಸೇಷನ್ ಜೊತೆ ಶೇ 20 ಲೆಕ್ಕ ಹಾಕಿ, ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು. ಅನಿವಾಸಿಗಳಿಗೆ ಈ ಆಯ್ಕೆ ಇಲ್ಲ.

ಇಲ್ಲಿ ಬಹಳ ಜನ ಗಮನಿಸದ ಸಂಗತಿ ಒಂದಿದೆ. ಜಾಗ ಬೇರೆ, ಕಟ್ಟಡ ಬೇರೆ ಅಂತ ಎರಡಕ್ಕೂ ಬೇರೆ ಬೇರೆ ಅವಧಿ ಲೆಕ್ಕ ಹಾಕುವುದನ್ನು ಕೋರ್ಟುಗಳು ಒಪ್ಪಿವೆ. ಮೂವತ್ತು ವರ್ಷದ ಹಳೇ ಮನೆಯ ಮೇಲೆ ಹೋದ ವರ್ಷ ಎತ್ತಿದ ಮಹಡಿಯನ್ನು ಈ ವರ್ಷ ಮಾರಿದರೆ, ಆ ಮಹಡಿಗೆ ಸೇರಿದ ಲಾಭ ಅಲ್ಪಾವಧಿಯದು ಅಂತ ನಿಮ್ಮ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳಬಹುದು. ಕಟ್ಟಿದ ಖರ್ಚು ಕಳೆಯಬೇಕಾದರೆ ಬಿಲ್ಲು ಬೇಕು. ಮೇಸ್ತ್ರಿ ಕೈಗೆ ವಾರವಾರ ಕೊಟ್ಟ ನಗದಿಗೆ ಬಿಲ್ಲಿಲ್ಲ. 11 ಲಕ್ಷದಲ್ಲಿ 5 ಲಕ್ಷ ಹಾಗೆ ಹೋಗಿದ್ದರೆ, ಆ 5 ಲಕ್ಷವೂ ಲಾಭ ಅಂತಲೇ ಲೆಕ್ಕವಾದೀತು. ಕಟ್ಟುವುದೇ ಆದರೆ ಕಂಬಿ, ಸಿಮೆಂಟಿಗೆ ಜಿಎಸ್‌ಟಿ ಬಿಲ್ಲು, ಕೂಲಿಗೆ ಬ್ಯಾಂಕ್ ಮೂಲಕ ಪಾವತಿ.

ಮಾರಾಟ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ ಕೊಳ್ಳುವವರು ಬೆಲೆಯಲ್ಲೇ ಶೇ 1 ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ಮಾರುವವರು ಅನಿವಾಸಿಯಾದರೆ ಹಿಡಿಯುವುದು ಅದಕ್ಕಿಂತ ಬಹಳ ಜಾಸ್ತಿ. ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಮಾರುವವರು ಕಮ್ಮಿ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮುಂಚೆಯೇ ಅರ್ಜಿ ಹಾಕಿ.

ಒಳಗಿರುವವರು, ಅಡ್ವಾನ್ಸು, ಭೋಗ್ಯ

ಹೊಸ ಪೋರ್ಷನ್ ಕಟ್ಟಿದ ಮೇಲೆ ಅದನ್ನು ತುಂಬಿ ಮಾರಬೇಕಾ, ಖಾಲಿ ಮಾರಬೇಕಾ? ತಾವೇ ಇರಲು ಕೊಳ್ಳುವವರಿಗೆ ಕೆಳಗಿನ ಮನೆ ಖಾಲಿ ಬೇಕು. ಬಾಡಿಗೆಗಾಗಿ ಕೊಳ್ಳುವವರಿಗೆ ಎಲ್ಲ ತುಂಬಿರಬೇಕು. ಕೆಳಗಿನದನ್ನು ಖಾಲಿ ಇಟ್ಟು ಮೇಲಿನವನ್ನು 11 ತಿಂಗಳ ಕರಾರಿನಲ್ಲಿ ಕೊಟ್ಟರೆ ಇಬ್ಬರಿಗೂ ಆಗುತ್ತದೆ. ಮಾರಾಟಕ್ಕೆ ಮುಂಚೆ ಪರಿಚಯದವರನ್ನು ಕೂರಿಸಿ ಬಾಡಿಗೆ ಉಬ್ಬಿಸಿ ತೋರಿಸುವ ಆಟ ಬೇಡ. ಈಗಿನ ಕೊಳ್ಳುವವರು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ.

ಕಟ್ಟಲು ದುಡ್ಡು ಸಾಲದೆ ಹೊಸ ಪೋರ್ಷನ್ನನ್ನು ಭೋಗ್ಯಕ್ಕೆ ಹಾಕುವವರೂ ಇದ್ದಾರೆ. ಎಂಟು ಲಕ್ಷ ಒಟ್ಟಿಗೆ ಕೈಗೆ ಬರುತ್ತದೆ, ತಿಂಗಳ ಬಾಡಿಗೆ ಇಲ್ಲ. ಮಾರುವಾಗ ಇದು ಎರಡು ಕಡೆಯಿಂದ ಹೊಡೆಯುತ್ತದೆ. ತೋರಿಸಲು ಬಾಡಿಗೆ ಇಲ್ಲ, ಮೇಲಾಗಿ ಆ ಎಂಟು ಲಕ್ಷವನ್ನು ಕೊಳ್ಳುವವರು ಬೆಲೆಯಿಂದ ಕಳೆದೇ ಕೊಡುತ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಭೋಗ್ಯ ಪತ್ರ ನೋಂದಣಿ ಆಗಿಲ್ಲದಿದ್ದರೆ ವಕೀಲರ ಪ್ರಶ್ನೆಗಳು ಬೇರೆ.

ಬಾಡಿಗೆದಾರರ ಅಡ್ವಾನ್ಸ್ ಕಥೆಯೂ ಅದೇ. ಮೂರು ಪೋರ್ಷನ್ ಸೇರಿ ನಾಲ್ಕು ಲಕ್ಷ ಅಡ್ವಾನ್ಸ್ ಇಸಿದುಕೊಂಡಿದ್ದರೆ, ಅದು ಹೊಸ ಮಾಲೀಕರಿಗೆ ವರ್ಗವಾಯಿತು ಅಂತ ಕ್ರಯಪತ್ರದಲ್ಲೋ ಬೇರೆ ಪತ್ರದಲ್ಲೋ ಬರೆಸಿ, ಪ್ರತಿ ಬಾಡಿಗೆದಾರರ ಸಹಿ ಹಾಕಿಸಿಕೊಳ್ಳಿ. ಬೆಸ್ಕಾಂ ಠೇವಣಿ, ನೀರಿನ ಬಾಕಿ, ಆ ವರ್ಷದ ಆಸ್ತಿ ತೆರಿಗೆ ಯಾರ ಪಾಲಿಗೆ ಅಂತಲೂ ಅಗ್ರಿಮೆಂಟ್ ದಿನವೇ ತೀರ್ಮಾನ ಮಾಡಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ಯೂನಲ್ಲಿ ನಿಂತು ಇದನ್ನೆಲ್ಲ ಮಾತಾಡಲು ಆಗುವುದಿಲ್ಲ.